ಮಂಜಲ್‌ಪುರದಲ್ಲಿ ಹಾಲು ಉಕ್ಕಿದ ಬೆಳಿಗ್ಗೆ

ಕಳೆದ ಫೆಬ್ರವರಿಯ ಮೊದಲ ಗುರುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ವಡೋದರಾದ ಮಂಜಲ್‌ಪುರದ ಒಂದು ಫ್ಲಾಟಿನಲ್ಲಿ ಕಾಫಿಗೆ ಇಟ್ಟ ಹಾಲು ಉಕ್ಕಿ ಒಲೆ ಆರಿತು. ಗ್ಯಾಸ್ ಹರಿಯುತ್ತಲೇ ಇತ್ತು. ಆ ಮನೆಯಲ್ಲಿ ಒಬ್ಬಳೇ ಬಾಡಿಗೆಗಿರುವ ನನ್ನ ತಂಗಿ ಸುಧಾ ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದಳು. ಎಷ್ಟು ಹೊತ್ತಿನಿಂದ ಎಂಬುದು ಅವಳಿಗೂ ಗೊತ್ತಿಲ್ಲ. ನಾನು ಸ್ನಾನ ಮುಗಿಸಿ ಹೊರಬಂದಾಗ ವಾಸನೆ ನಡುಮನೆಯನ್ನು ದಾಟಿತ್ತು. ಅಡುಗೆಮನೆಯ ಬಾಗಿಲಲ್ಲಿ ನಾನು ಕಂಡದ್ದು ಇಷ್ಟು: ಅವಳ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಲೈಟರು. ಆರಿದ ಒಲೆಯನ್ನು ಮತ್ತೆ ಹಚ್ಚಲು ಅವಳು ಬಗ್ಗುತ್ತಿದ್ದಳು.

ಕಾಫಿಯ ವಾಸನೆ ನೋಡುವುದು ಅವಳ ಉದ್ಯೋಗ.

ಅಹಮದಾಬಾದ್, ಸೋಮವಾರ

ಇದಕ್ಕೆ ಮೂರು ದಿನ ಮೊದಲು ನಾನು ಅಹಮದಾಬಾದಿನಲ್ಲಿ ರೈಲಿನಿಂದ ಇಳಿದೆ. ನಾನು ಮೈಸೂರಿನಲ್ಲಿ ದಿನಪತ್ರಿಕೆಯೊಂದರ ಸುದ್ದಿ ಡೆಸ್ಕಿನವಳು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಇಪ್ಪತ್ತೆರಡು ವರ್ಷಗಳ ಅಭ್ಯಾಸ. ತಂಗಿಯನ್ನು ನೋಡಿ ಬರಲು ರಜೆ ಕೇಳಿದಾಗ ಭಾನುವಾರದ ಪುರವಣಿ ನೋಡಿಕೊಳ್ಳುವವರು, ಹೋಗುವುದೇ ಆದರೆ ಚಹಾ ಕುಡಿಯುವ ಊರುಗಳಲ್ಲಿ ಕಾಫಿ ಹೇಗೆ ಕುಡಿಯುತ್ತಾರೆ ಎಂದು ಬರೆದುಕೊಂಡು ಬನ್ನಿ ಎಂದಿದ್ದರು. ಗುಜರಾತ್ ನಮಗೆ ಪರದೇಶವಲ್ಲ. ಕಾಫಿಯ ಮಟ್ಟಿಗೆ ಪರದೇಶವೇ.

ನಮ್ಮ ಅಪ್ಪನಿಗೆ ಹಾಸನದ ಪೇಟೆಯಲ್ಲಿ ಕಾಫಿಪುಡಿ ಅಂಗಡಿ ಇತ್ತು. ಶಾಲೆ ಬಿಟ್ಟರೆ ನಾವಿಬ್ಬರೂ ಅಲ್ಲೇ ಇರುತ್ತಿದ್ದೆವು. ನಮ್ಮ ನೋಟ್‌ಬುಕ್ಕುಗಳೂ ಹುರಿದ ಬೀಜದ ವಾಸನೆ ಹೊಡೆಯುತ್ತಿದ್ದವು. ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದು ಸುಧಾ ಕಣ್ಣು ಮುಚ್ಚಿ ಮೂಸಿ ಹೇಳುತ್ತಿದ್ದಳು. ಗಿರಾಕಿಗಳು ಸುಮ್ಮನೆ ನಿಂತಿದ್ದಾರೆ ಎನ್ನಿಸಿದರೆ ಅಪ್ಪ ಅವಳನ್ನು ಕರೆದು ಈ ಆಟ ಆಡಿಸುತ್ತಿದ್ದರು. ಅದೇ ಮೂಗು ಅವಳಿಗೆ ಕೆಲಸ ಕೊಡಿಸಿತು. ಅವಳ ಕಂಪನಿ ನಮ್ಮ ಕಡೆಯಿಂದ ಕಾಫಿಬೀಜ ತರಿಸಿ ವಡೋದರಾದ ಮಕರ್‌ಪುರದಲ್ಲಿ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರುತ್ತದೆ. ಮುಖ್ಯ ಕಚೇರಿ ಅಹಮದಾಬಾದಿನಲ್ಲಿ. ಅಲ್ಲಿ ಎರಡು ದಿನದ ಕೆಲಸವಿದ್ದುದರಿಂದ ಅವಳೇ ಸ್ಟೇಷನ್ನಿಗೆ ಬಂದು ನನ್ನನ್ನು ಕಚೇರಿಗೆ ಕರೆದುಕೊಂಡು ಹೋದಳು.

ಕಾಫಿ ಕಂಪನಿಯಲ್ಲಿ ಎಲ್ಲರೂ ಚಹಾ ಕುಡಿಯುತ್ತಾರೆ ಎಂಬುದು ನನ್ನ ಮೊದಲ ಟಿಪ್ಪಣಿ. ಚಹಾ ಕೆಳಗಿನ ಗಾಡಿಯಿಂದ ಕೆಟಲಿನಲ್ಲಿ ಬರುತ್ತದೆ. ಕಾಫಿಗೆ ಒಂದು ಯಂತ್ರವಿದೆ, ಅತಿಥಿಗಳು ಬಂದಾಗ ಅದನ್ನು ಚಾಲೂ ಮಾಡುತ್ತಾರೆ. ಆ ದಿನ ಅತಿಥಿ ನಾನು. ಆರು ಕಾಗದದ ಕಪ್ಪುಗಳು ಬಂದವು. ಒಂದು ಗುಟುಕು ಕುಡಿದೆ. ದೇವರಮನೆಯೊಳಗೆ ಕುಳಿತ ಹಾಗಾಯಿತು. ವಿಚಾರಿಸಿದರೆ, ಕಚೇರಿಯ ಬೆಳಗಿನ ಪೂಜೆಗೆ ತಂದ ಅಗರಬತ್ತಿಯ ಕಟ್ಟುಗಳೂ ಹಾಲಿನ ಪುಡಿಯ ಡಬ್ಬವೂ ತಿಂಗಳುಗಟ್ಟಲೆ ಒಂದೇ ಕಪಾಟಿನಲ್ಲಿ ಇದ್ದವು. ನಾಲ್ಕು ಜನ ಕಪ್ಪು ಕೆಳಗಿಟ್ಟರು. ಪ್ರಸಾದವೆಂದು ಕುಡಿದುಬಿಡಿ ಎಂದು ಒಬ್ಬರು ಹಿಂದಿಯಲ್ಲಿ ತಮಾಷೆ ಮಾಡಿದರು.

ಸುಧಾ ತನ್ನ ಕಪ್ಪನ್ನು ತಳದವರೆಗೂ ಕುಡಿದಿದ್ದಳು. ಎಲ್ಲರೂ ನಗುವಾಗ ಅವಳು ಮೊದಲು ನನ್ನ ಕಪ್ಪನ್ನು ನೋಡಿದಳು, ಆಮೇಲೆ ಉಳಿದವರ ಕಪ್ಪುಗಳನ್ನು. ತನ್ನ ಖಾಲಿ ಕಪ್ಪನ್ನು ಮುದುರಿ ಕೈಚೀಲದೊಳಗೆ ಹಾಕಿಕೊಂಡು ಅವಳೂ ನಕ್ಕಳು.

ಸಂಜೆ ಅವಳ ಮೇಲಧಿಕಾರಿ ಕೇತಕಿಬೆನ್ ಮನೆಗೆ ಕರೆದಿದ್ದರು. ಐವತ್ತರ ಸಮೀಪದ ಅವರು ಅಹಮದಾಬಾದಿನಲ್ಲಿ ಅತ್ತೆಯೊಂದಿಗಿದ್ದು ಮಕರ್‌ಪುರದ ಘಟಕಕ್ಕೆ ರೈಲಿನಲ್ಲಿ ಓಡಾಡುತ್ತಾರೆ. ಅತ್ತೆಯನ್ನು ಎಲ್ಲರೂ ಕರೆಯುವುದು ಬಾ ಎಂದು, ನಮ್ಮಲ್ಲಿ ಅಮ್ಮ ಅಂದ ಹಾಗೆ. ಬಾ ಮಾಡುವ ಕಾಫಿಗೆ ಡಿಕಾಕ್ಷನ್ ಬೇಡ. ಹಾಲನ್ನು ಕೆನೆ ಕಟ್ಟುವವರೆಗೆ ಕಾಯಿಸಿ, ಇನ್‌ಸ್ಟಂಟ್ ಪುಡಿ, ಕೈತುಂಬ ಸಕ್ಕರೆ, ಕೊನೆಗೆ ಜಾಯಿಕಾಯಿಯನ್ನು ತುರಿದು ಹಾಕುತ್ತಾರೆ. ಕುಡಿಯುವುದು ತಟ್ಟೆಗೆ ಬಗ್ಗಿಸಿಕೊಂಡು. ನನಗಂತೂ ಅದು ಬಾಣಂತಿಯ ಕೋಣೆಯ ವಾಸನೆ. ನಮ್ಮಲ್ಲಿ ಜಾಯಿಕಾಯಿಯನ್ನು ಕಲ್ಲಿನ ಮೇಲೆ ತೇಯ್ದು ಕೂಸಿನ ನಾಲಿಗೆಗೆ ಸವರುತ್ತಾರೆ. ಅಷ್ಟು ದೊಡ್ಡ ವಾಸನೆ, ಬಾಗಿಲಿಗೇ ಬಂದು ಎದುರುಗೊಳ್ಳುವಂಥದ್ದು.

ಬಾ ಅವರಿಗೆ ಸುಧಾಳನ್ನು ಕೆಣಕುವ ಮನಸ್ಸಾಯಿತು. ಇದರಲ್ಲಿ ಏನು ಹಾಕಿದ್ದೇನೆ ಹೇಳು ನೋಡೋಣ, ಕಂಪನಿ ನಿನಗೆ ಮೂಗಿಗೇ ಸಂಬಳ ಕೊಡುವುದಲ್ಲವೇ ಎಂದರು.

ಸುಧಾ ತಟ್ಟೆಯ ಮೇಲೆ ಬಗ್ಗಿದಳು. ಹೊತ್ತು ತೆಗೆದುಕೊಂಡಳು. ಏಲಕ್ಕಿ ಎಂದಳು.

ಬಾ ಅದನ್ನು ತಮಾಷೆಯೆಂದುಕೊಂಡು ಬಹಳ ನಕ್ಕರು. ಕೇತಕಿಬೆನ್ ನಗಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ಸುಧಾಳ ಮುಖ ನೋಡುತ್ತಿದ್ದರು. ದಣಿದಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ರಾತ್ರಿ ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿದ್ದೇನೆ: ಜಾಯಿಕಾಯಿಗೆ ಏಲಕ್ಕಿ ಎಂದಳು, ಅಗರಬತ್ತಿಯನ್ನು ಕುಡಿದಳು.

ಮಂಜಲ್‌ಪುರ, ಬುಧವಾರ

ವಡೋದರಾದಲ್ಲಿ ಸುಧಾಳ ಸ್ಕೂಟರಿನ ಹಿಂದೆ ಕುಳಿತು ಅವಳ ಮನೆಗೆ ಹೋದೆ. ಹ್ಯಾಂಡಲಿಗೆ ಕಮಾನಿನಂತೆ ಬಗ್ಗಿಸಿದ ಕಬ್ಬಿಣದ ಸರಳು ಕಟ್ಟಿತ್ತು. ಗಾಳಿಪಟದ ಹಬ್ಬ ಮುಗಿದು ಮೂರು ವಾರವಾಗಿದ್ದರೂ ದಾರ ಇನ್ನೂ ಮರಗಳಲ್ಲಿ, ತಂತಿಗಳಲ್ಲಿ ಜೋತಾಡುತ್ತದೆ. ಗಾಜಿನ ಪುಡಿ ಮೆತ್ತಿದ ದಾರ, ಓಡುವ ಸ್ಕೂಟರಿನವರ ಕುತ್ತಿಗೆಗೆ ಬಿದ್ದರೆ ಸೀಳುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ ಅಕ್ಕ, ಅದಕ್ಕೇ ಸರಳು ಎಂದು ಅವಳು ಹೇಳಿದಳು. ದಾರಿಯಲ್ಲಿ ಯಾರೋ ಟೈರು ಸುಡುತ್ತಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವಳು ಹೊಗೆಯೊಳಗಿಂದಲೇ, ಮಾತು ನಿಲ್ಲಿಸದೆ, ಸ್ಕೂಟರು ಓಡಿಸಿದಳು.

ಮನೆ ಚೊಕ್ಕವಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಅಪ್ಪನ ಹಿತ್ತಾಳೆಯ ಫಿಲ್ಟರು. ಫ್ರಿಜ್ ತೆರೆದಾಗ ನನಗೆ ವಿಚಿತ್ರವೆನಿಸಿತು: ಪ್ರತಿ ಡಬ್ಬದ ಮೇಲೂ ಬಿಳಿ ಚೀಟಿ, ಚೀಟಿಯ ಮೇಲೆ ತಾರೀಕು. ದೋಸೆಹಿಟ್ಟಿಗೆ, ಸಾರಿಗೆ, ಮೊಸರಿಗೆ, ಅರ್ಧ ಹೋಳು ತೆಂಗಿನಕಾಯಿಗೆ. ನಮ್ಮ ಮನೆಯಲ್ಲಿ ಸಾರು ಹಳಸಿದೆಯೇ ಎಂದು ನೋಡಲು ಅಮ್ಮ ಮುಚ್ಚಳ ತೆಗೆದು ಮೂಸುತ್ತಿದ್ದರು, ಅಷ್ಟೇ. ಇದೇನು ಫ್ರಿಜ್ಜೋ ಗೋದಾಮೋ ಎಂದೆ. ಫ್ಯಾಕ್ಟರಿ ಅಭ್ಯಾಸ ಎಂದಳು.

ಅವಳು ಕಾಫಿ ಮಾಡುವುದನ್ನು ನೋಡುತ್ತ ಕುಳಿತೆ. ಪುಡಿ ತೂಗಿ ಹಾಕಿದಳು. ನೀರು ಹಾಕಿ ಫೋನಿನಲ್ಲಿ ಹನ್ನೆರಡು ನಿಮಿಷದ ಗಂಟೆ ಇಟ್ಟಳು. ಡಿಕಾಕ್ಷನ್ನನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ಬಣ್ಣ ನೋಡಿದಳು. ಫಿಲ್ಟರಿನ ಮುಚ್ಚಳ ತೆಗೆದಾಗ ಮೂಗನ್ನು ಹತ್ತಿರ ತರುವುದು ಕಾಫಿ ಮಾಡುವವರ ಯಾರ ಕೈಗೂ ತಾನಾಗಿ ಬರುವ ಚಲನೆ. ಅವಳು ಅದನ್ನು ಮಾಡಲೇ ಇಲ್ಲ. ಕಾಫಿ ಚೆನ್ನಾಗಿತ್ತು. ನನಗೆ ಕುಡಿಯಲು ಮನಸ್ಸಾಗಲಿಲ್ಲ.

ಮಂಜಲ್‌ಪುರ ಮತ್ತು ಅಲ್ಕಾಪುರಿ, ಗುರುವಾರ

ನಾನು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದೆ. ಲೈಟರು ನೆಲಕ್ಕೆ ಬಿತ್ತು. ಒಲೆಯ ಗುಂಡಿ ತಿರುಗಿಸಿದೆ, ಗೋಡೆಯ ಮೇಲಿನ ವಾಲ್ವನ್ನೂ ಮುಚ್ಚಿದೆ. ಅಲ್ಲಿ ಸಿಲಿಂಡರ್ ಇಲ್ಲ, ಪೈಪಿನ ಗ್ಯಾಸು. ತಾನಾಗಿ ಖಾಲಿಯಾಗುವ ಪ್ರಶ್ನೆಯಿಲ್ಲ. ಅವಳು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈಹಾಕಿದಳು. ಕಿಡಿ ಹಾರೀತೆಂದು ಆ ಕೈಯನ್ನೂ ಹಿಡಿದೆ.

"ಅಕ್ಕ, ಕೈ ಬಿಡು, ನೋಯ್ತಿದೆ."

"ನಿಂಗೆ ವಾಸನೆ ಬರ್ತಿಲ್ವೇನೇ?"

"ಬರ್ತಿದೆ."

"ಏನು ವಾಸನೆ ಹೇಳು."

ಅವಳು ಒಲೆಯ ಕಡೆ ನೋಡಿದಳು. "ಹಾಲು ಸೀದಿರೋದು," ಎಂದಳು.

ಹಾಲು ಸೀದಿರಲಿಲ್ಲ. ಬರೀ ಉಕ್ಕಿತ್ತು.

ಕಿಟಕಿ, ಬಾಗಿಲು ತೆರೆದು ಬಾಲ್ಕನಿಯಲ್ಲಿ ಅರ್ಧ ಗಂಟೆ ನಿಂತೆವು. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತ ಕೇಮ್ ಛೋ ಎಂದರು, ಸುಧಾ ಮಜಾಮಾ ಎಂದಳು. ಕ್ಷೇಮವೇ ಎಂದು ಅವರು ಕೇಳಿದ್ದು, ಆರಾಮ ಎಂದು ಇವಳು ಹೇಳಿದ್ದು. ನಾನು ಎರಡು ಸಲ ಒಳಗೆ ಹೋಗಿ ವಾಲ್ವು ಮುಚ್ಚಿದೆಯೇ ಎಂದು ನೋಡಿ ಬಂದೆ. ಅವಳು ಒಮ್ಮೆಯೂ ಅತ್ತ ತಿರುಗಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಗ್ಯಾಸಿಗೆ ಇರುವ ಒಂದೇ ಗುರುತು ಅವಳನ್ನು ತಲುಪಿರಲೇ ಇಲ್ಲ.

ಆ ಮನೆಯಲ್ಲಿ ಮತ್ತೆ ಒಲೆ ಹಚ್ಚಲು ನನಗೆ ಧೈರ್ಯವಾಗಲಿಲ್ಲ. ಅಲ್ಕಾಪುರಿಗೆ ಹೋದೆವು. ಅಲ್ಲಿ ಉಡುಪಿ ಕಡೆಯ ಭಾಸ್ಕರಣ್ಣ ಎಂಬವರು ಹೋಟೆಲು ನಡೆಸುತ್ತಾರೆ; ಸುಧಾ ಭಾನುವಾರಗಳಲ್ಲಿ ಇಡ್ಲಿಗೆ ಹೋಗುವ ಜಾಗ. ಪಕ್ಕದ ಮೇಜುಗಳಲ್ಲಿ ಎಲ್ಲರ ಮುಂದೆಯೂ ನೊರೆ ತುಂಬಿದ ಕಪ್ಪು. ಇನ್‌ಸ್ಟಂಟ್ ಪುಡಿಯನ್ನು ಸಕ್ಕರೆಯೊಂದಿಗೆ ಚಮಚದಲ್ಲಿ ಬೆಳ್ಳಗಾಗುವವರೆಗೆ ಬಡಿದು ಮೇಲೆ ಬಿಸಿಹಾಲು ಹಾಕುವ ಕಾಫಿ ಅದು. ಉಡುಪಿ ಹೋಟೆಲಿನಲ್ಲಿ ಇದು ಯಾಕೆ ಎಂದು ಕೇಳಿದೆ.

"ಎಂತ ಮಾಡುದು ಅಕ್ಕ, ಇಲ್ಲಿಯವರಿಗೆ ನೊರೆ ಬೇಕು, ಕಹಿ ಆಗುದಿಲ್ಲ," ಎಂದರು ಭಾಸ್ಕರಣ್ಣ. "ಒಳಗೆ ನಮಗೇ ಅಂತ ಮಾಡಿದ್ದು ಉಂಟು. ನಿಮಗೆ ಅದು ಕೊಡ್ತೇನೆ. ಸುಧಾ ಮೇಡಮ್ಮಿಗೆ ಬೇರೆ ಕೊಟ್ಟು ಬಚಾವಾಗ್ಲಿಕ್ಕೆ ಉಂಟಾ."

ಅವರು ಹೋದ ಮೇಲೆ ಸುಧಾ ಹೇಳಿದಳು. ದೀಪಾವಳಿಗೆ ಮೊದಲು ನಾಲ್ಕು ದಿನ ಜ್ವರ ಬಂದಿತ್ತು. ಜ್ವರ ಬಿಟ್ಟ ಬೆಳಿಗ್ಗೆ ಫಿಲ್ಟರಿನ ಮುಚ್ಚಳ ತೆಗೆದಳು, ಏನೂ ಬರಲಿಲ್ಲ. ಪುಡಿ ಹಳೆಯದೆಂದುಕೊಂಡಳು. ಸೋಪು ಮೂಸಿದಳು, ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಕಹಿ, ಹುಳಿ, ಸಿಹಿ, ಉಪ್ಪು ನಾಲಿಗೆಗೆ ತಿಳಿಯುತ್ತಿತ್ತು, ಉಳಿದದ್ದೆಲ್ಲ ಬಿಸಿನೀರು. ಡಾಕ್ಟರ ಬಳಿ ಹೋಗಲಿಲ್ಲ. ಹೋದರೆ ಚೀಟಿಯಲ್ಲಿ ಬರೆಯುತ್ತಾರೆ, ಬರೆದದ್ದು ಕಂಪನಿಗೆ ಗೊತ್ತಾಗುತ್ತದೆ. ಮೂಗಿಲ್ಲದ ಟೇಸ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ.

ಮೂರು ತಿಂಗಳಿಂದ ಕೆಲಸ ಹೇಗೆ ನಡೆಸಿದೆ ಎಂದು ಕೇಳಿದೆ.

ಅವರ ರುಚಿಕೋಣೆಯಲ್ಲಿ ಟೇಸ್ಟರುಗಳು ಇಬ್ಬರು. ಇನ್ನೊಬ್ಬರು ಹಸ್ಮುಖಭಾಯಿ, ಅವಳಿಗೆ ಕೆಲಸ ಕಲಿಸಿದವರು, ಈ ವಿಷಯದಲ್ಲಿ ಅವರ ಮಾತೇ ಕೊನೆ. ಒಂದೇ ಸಲ ಬಂದ ಚೀಲಗಳ ರಾಶಿಗೆ ಲಾಟ್ ಎನ್ನುತ್ತಾರೆ. ಪ್ರತಿ ಲಾಟಿನ ಕಾಫಿಯನ್ನು ಇಬ್ಬರೂ ಮೂಸಿ, ಹೀರಿ, ಅಂಕವನ್ನು ಚೀಟಿಯಲ್ಲಿ ಬರೆದು ಮಗುಚಿ ಇಡಬೇಕು. ಅದುವರೆಗೆ ಮಾತಿಲ್ಲ, ಮುಖದಲ್ಲಿ ಏನನ್ನೂ ತೋರಿಸುವಂತಿಲ್ಲ. ಒಬ್ಬರನ್ನು ನೋಡಿ ಒಬ್ಬರು ಬರೆಯಬಾರದೆಂದೇ ಆ ನಿಯಮ. ಆದರೆ ಹಸ್ಮುಖಭಾಯಿ ಕೆಟ್ಟ ಕಪ್ಪು ಬಂದರೆ ಚಮಚವನ್ನು ಬಟ್ಟೆಯಲ್ಲಿ ಎರಡು ಸಲ ಒರೆಸುತ್ತಾರೆ. ಸುಧಾ ಅದನ್ನು ನೋಡಿ ಬರೆಯುತ್ತಿದ್ದಳು.

"ನಾಳೆ?" ಎಂದೆ. ಮರುದಿನ ಲಾಟ್ ಪರೀಕ್ಷೆ ಇರುವುದನ್ನು ಅವಳು ಮೊದಲೇ ಹೇಳಿದ್ದಳು, ನೋಡಲು ನನಗೂ ಅನುಮತಿ ಕೇಳಿದ್ದಳು.

"ನಾಳೆ ಅವ್ರಿಲ್ಲ. ಮಗಳ ಮದುವೆ, ಸೂರತ್‌ಗೆ ಹೋಗಿದಾರೆ. ನಾನೊಬ್ಳೇ."

ಆ ಲಾಟಿನ ಬಗ್ಗೆ ಮೊದಲೇ ಅನುಮಾನವಿತ್ತು. ಬೀಜ ತಂದ ಲಾರಿ ಅದಕ್ಕೆ ಮೊದಲಿನ ಬಾಡಿಗೆಯಲ್ಲಿ ರಾಸಾಯನಿಕದ ಪೀಪಾಯಿಗಳನ್ನು ಸಾಗಿಸಿತ್ತೆಂದು ಚಾಲಕನೇ ಹೇಳಿದ್ದ. ಚೀಲಕ್ಕೆ ಏನಾದರೂ ಸೋಕಿದ್ದರೆ ಅದು ನಾಲಿಗೆಗೆ ತಿಳಿಯುವುದಿಲ್ಲ. ಮೂಗಿಗೆ ಮಾತ್ರ ತಿಳಿಯುತ್ತದೆ.

ಭಾಸ್ಕರಣ್ಣ ಒಳಗಿನ ಕಾಫಿ ತಂದಿಟ್ಟು, ಹೇಗುಂಟು ಎಂದು ಸುಧಾಳ ಮುಖವನ್ನೇ ನೋಡುತ್ತ ನಿಂತರು. ಅವಳು ಒಂದು ಗುಟುಕು ಕುಡಿದು, ನನ್ನ ಕಡೆ ನೋಡಿ, ನಾನು ತಲೆಯಾಡಿಸಿದ ಮೇಲೆ, ಪಸಂದಾಗಿದೆ ಎಂದಳು. ಎಷ್ಟು ಸಲೀಸಾಗಿ ಮಾಡಿದಳೆಂದರೆ, ಒಂದು ಗಂಟೆ ಮೊದಲಾಗಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಅವರು ಆ ಕಡೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನೀನು ನಾಳೆ ನನ್ನೆದುರು ನಿಂತ್ಕೋ. ಅಪ್ಪನ ಅಂಗಡೀಲಿ ನೀನೂ ಬೆಳೆದಿದೀಯ. ಕೆಟ್ಟದ್ದು ಅನ್ಸಿದ್ರೆ ಚಮಚ ಎರಡು ಸಲ ಒರೆಸು. ಇದೊಂದು ಸಲ."

ಆಯ್ತು ಎಂದೆ. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದು ಸುಳ್ಳಾಗುತ್ತದೆ.

ಮಕರ್‌ಪುರ, ಶುಕ್ರವಾರ

ರುಚಿಕೋಣೆಗೆ ಹೋಗುವವರು ಸೆಂಟು, ತಲೆಗೆ ಎಣ್ಣೆ, ಹೂವು ಯಾವುದನ್ನೂ ಹಾಕಿಕೊಳ್ಳುವಂತಿಲ್ಲ. ಕಿಟಕಿಗಳಿಲ್ಲದ ಬಿಳಿ ಕೋಣೆ. ನಡುವೆ ತಿರುಗುವ ದುಂಡು ಮೇಜು, ಅದರ ಮೇಲೆ ಆರು ಪಿಂಗಾಣಿ ಬಟ್ಟಲು: ಮೂರು ಹೊಸ ಲಾಟಿನವು, ಮೂರು ಹೋಲಿಸಿ ನೋಡಲು ಇಟ್ಟ ಒಳ್ಳೆಯ ಕಾಫಿಯವು. ಪುಡಿಯ ಮೇಲೆ ಬಿಸಿನೀರು ಹಾಕಿದಾಗ ಮೇಲೆ ಕೆನೆಯಂತೆ ಒಂದು ಪದರ ಕಟ್ಟುತ್ತದೆ. ಅದನ್ನು ಚಮಚದಿಂದ ಒಡೆದು ಮೂಗನ್ನು ಬಟ್ಟಲಿಗೆ ಇಳಿಸುವುದು ಮೊದಲ ಕೆಲಸ. ಆಮೇಲೆ ಚಮಚದಿಂದ ಸುರ್ರೆಂದು ಹೀರಿ ಪೀಕದಾನಿಗೆ ಉಗುಳುವುದು. ಹಾಲಿಲ್ಲ, ಸಕ್ಕರೆಯಿಲ್ಲ. ಅಪ್ಪ ಇದನ್ನು ನೋಡಿದ್ದರೆ, ಕಾಫಿಯನ್ನು ಉಗುಳುವುದಕ್ಕೂ ಸಂಬಳವೇ ಎಂದು ಕೇಳುತ್ತಿದ್ದರು.

ಕೇತಕಿಬೆನ್ ಬಾಗಿಲ ಬಳಿ ನಿಂತಿದ್ದರು. ಪತ್ರಿಕೆಯವರಾದ್ದರಿಂದ ನಾನೂ ಒಂದು ಚಮಚ ಹಿಡಿದು ನೋಡಲಿ ಎಂದು ಅವರೇ ಹೇಳಿದರು. ನಾನು ಸುಧಾಳ ಎದುರು ನಿಂತೆ.

ಮೊದಲ ಬಟ್ಟಲು ಕಾಫಿಯಂತೆ ಇತ್ತು. ಎರಡನೆಯದೂ. ಮೂರನೆಯದರಲ್ಲಿ ಏನೋ ಇತ್ತು. ಹೊಸ ಟಾರ್ಪಾಲಿನ ಹಾಗೆ. ಮತ್ತೆ ಮೂಸಿದೆ, ಇರಲಿಲ್ಲ. ನಾಲ್ಕನೆಯದರಲ್ಲಿ ಮತ್ತೆ ಇತ್ತು. ಹಿಂದಕ್ಕೆ ಹೋಗಿ ಮೊದಲನೆಯದನ್ನು ಮೂಸಿದರೆ ಅದರಲ್ಲೂ ಇತ್ತು, ಅದು ಒಳ್ಳೆಯ ಕಾಫಿಯೆಂದು ಮೊದಲೇ ಗೊತ್ತಿದ್ದ ಬಟ್ಟಲು. ನನ್ನ ಮೂಗಿನಲ್ಲಿದ್ದದ್ದು ಬಟ್ಟಲಿನ ವಾಸನೆಯೋ ಹಿಂದಿನ ದಿನದ ಗ್ಯಾಸೋ ನನಗೆ ತಿಳಿಯಲಿಲ್ಲ. ಕೋಣೆಯಲ್ಲಿ ಹೀರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸುಧಾ ಪೆನ್ನು ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು. ಇದು ಸರಿಯೆಂದರೆ ಎಷ್ಟು ಮನೆಗಳಿಗೆ ಹೋಗುತ್ತದೆ ಎಂದು ಯೋಚಿಸಿದೆ. ಬಟ್ಟೆಯನ್ನು ಎತ್ತಿಕೊಂಡೆ. ಒರೆಸಲಿಲ್ಲ. ಕೆಳಗಿಡಲೂ ಇಲ್ಲ.

ಸುಧಾ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಚೀಟಿಯನ್ನು ಮಗುಚಲಿಲ್ಲ, ಖಾಲಿ ಚೀಟಿಯನ್ನು ಹಾಗೇ ತೆಗೆದುಕೊಂಡು ಹೋಗಿ ಕೇತಕಿಬೆನ್ ಕೈಗೆ ಕೊಟ್ಟಳು. ಹಿಂದಿಯಲ್ಲಿ ಮೂರು ವಾಕ್ಯ ಹೇಳಿದಳು: ದೀಪಾವಳಿಗೆ ಮೊದಲಿನಿಂದ ನನಗೆ ವಾಸನೆ ತಿಳಿಯುತ್ತಿಲ್ಲ. ಹಸ್ಮುಖಭಾಯಿಯನ್ನು ನೋಡಿ ಬರೆದಿದ್ದೇನೆ. ಇವತ್ತು ಚಮಚ ಒರೆಸಿ ಸನ್ನೆ ಮಾಡು ಎಂದು ಅಕ್ಕನಿಗೆ ನಾನೇ ಹೇಳಿದ್ದು.

ಕೇತಕಿಬೆನ್ ಬೈಯಲಿಲ್ಲ. ಸೋಮವಾರ ಏಲಕ್ಕಿ ಎಂದಾಗಲೇ ಕೇಳಬೇಕಿತ್ತು ಎಂದರು. ಹೊಸ ಲಾಟನ್ನು ತಡೆಹಿಡಿದು, ರಿಜಿಸ್ಟರು ತರಿಸಿದರು. ದೀಪಾವಳಿಗೆ ಮೊದಲಿನ ಆ ಜ್ವರದಿಂದ ಈಚೆಗೆ ಹನ್ನೊಂದು ಲಾಟ್‌ಗಳಿಗೆ ಇಬ್ಬರ ಸಹಿಯಿತ್ತು. ಹುಳಿ ಹೆಚ್ಚಾಯಿತೆಂದು ತಿರಸ್ಕರಿಸಿದ್ದು ಒಂದು. ಹನ್ನೊಂದರಲ್ಲೂ ಇಬ್ಬರ ಅಂಕಗಳು ಹೊಂದುತ್ತಿದ್ದವು. ಹಸ್ಮುಖಭಾಯಿಯ ಮೂಗು ಇರುವಾಗ ಹೆದರಬೇಕಿಲ್ಲ ಎಂದು ಅವರು ರಿಜಿಸ್ಟರು ಮುಚ್ಚಿದರು. ಮದುವೆ ಮನೆಯಲ್ಲಿ ಇದನ್ನು ಎತ್ತಬೇಡಿ, ಸೋಮವಾರ ನಾನೇ ಹೇಳುತ್ತೇನೆ ಎಂದೂ ಹೇಳಿದರು.

ಇಬ್ಬರು ವರದಿಗಾರರ ಬರಹ ಪದಕ್ಕೆ ಪದ ಹೊಂದಿದರೆ ಡೆಸ್ಕಿನಲ್ಲಿ ನಮಗೆ ಅನುಮಾನ ಬರುತ್ತದೆ. ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿರುತ್ತಾರೆ. ಇಲ್ಲಿ ಯಾರು ಯಾರನ್ನು ನೋಡಿದರೆಂಬುದು ಗೊತ್ತಿದೆಯಲ್ಲ ಎಂದುಕೊಂಡು ಆ ಅನುಮಾನವನ್ನು ಬಿಟ್ಟೆ.

ಸೂರತ್, ಶನಿವಾರ

ಮದುವೆಗೆ ಹೋಗದಿದ್ದರೆ ಹಸ್ಮುಖಭಾಯಿ ನೊಂದುಕೊಳ್ಳುತ್ತಾರೆ ಎಂದು ಸುಧಾ ಹಟ ಹಿಡಿದಳು. ಮಧ್ಯಾಹ್ನ ಸೂರತ್ತಿನ ಕಲ್ಯಾಣಮಂಟಪ ತಲುಪಿದೆವು. ಕೇಸರಿ ಪೇಟ ಸುತ್ತಿಕೊಂಡ, ತೆಳ್ಳಗಿನ, ಅರವತ್ತು ದಾಟಿದ ಒಬ್ಬರು ದೂರದಿಂದಲೇ ಸುಧಾಳನ್ನು ಕಂಡು, ದೀಕರಿ ಎಂದು ಕರೆಯುತ್ತ ಬಂದರು. ದೀಕರಿ ಎಂದರೆ ಮಗಳು. ಮದುಮಗಳ ತಂದೆಯಾದವರು ತಾವೇ ಹೋಗಿ ನಮಗೆ ಕಾಫಿ ತಂದರು. ನಮ್ಮಲ್ಲಿ ಮದುವೆಗೆ ಬಂದವರಿಗೆ ಪಾನಕ ಕೊಟ್ಟ ಹಾಗೆ ಅಲ್ಲಿ ಗಟ್ಟಿಹಾಲಿನ ಕಾಫಿ. ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಲೇ ಇರುತ್ತದೆ. ಅವರು ನಮ್ಮ ಪಕ್ಕ ಕುಳಿತು ತಾವೂ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಏಲಕ್ಕಿ ಎಷ್ಟು ಹದವಾಗಿ ಬಿದ್ದಿದೆ ನೋಡಿ," ಎಂದರು ಹಿಂದಿಯಲ್ಲಿ.

ನನ್ನ ಲೋಟದಲ್ಲಿ ಇದ್ದದ್ದು ಜಾಯಿಕಾಯಿ. ಬಾ ಅವರ ಮನೆಯ ಅದೇ ವಾಸನೆ. ಏಲಕ್ಕಿಯೂ ಇರಬಹುದು, ನನಗೆ ತಿಳಿಯದಿರಬಹುದು ಎಂದುಕೊಂಡೆ. ಹಿಂದಿನ ದಿನವಷ್ಟೇ ನನ್ನ ಮೂಗಿನ ಯೋಗ್ಯತೆ ತಿಳಿದಿತ್ತು. ಎದ್ದು ಹೋಗಿ ಪಾತ್ರೆಯ ಮುಂದಿದ್ದ ಅಡುಗೆಯವರನ್ನು ಕೇಳಿದೆ. ತಂದ ಏಲಕ್ಕಿಯೆಲ್ಲ ಸಿಹಿಗೇ ಮುಗಿಯಿತು, ಕಾಫಿಗೆ ಬರೀ ಜಾಯಿಕಾಯಿ, ಒಂದು ಕಾಳು ಏಲಕ್ಕಿಯೂ ಹಾಕಿಲ್ಲ ಎಂದರು. ಎರಡನೆಯ ಸಲ ಕೇಳಿದೆ. ಅದೇ ಉತ್ತರ.

ಹಿಂತಿರುಗಿ ಬರುವ ಇಪ್ಪತ್ತು ಹೆಜ್ಜೆಗಳಲ್ಲಿ, ಹೇಳದೆ ಬಿಡೋಣವೇ ಎಂದು ಯೋಚಿಸಿದೆ. ಮೂರು ಗಂಟೆಗೆ ಕನ್ಯಾದಾನ. ಸೋಮವಾರ ಅವರು ಆ ಲಾಟಿನ ಮುಂದೆ ನಿಲ್ಲುತ್ತಾರೆ.

ಕುಳಿತು, ಮೆಲ್ಲಗೆ ಹೇಳಿದೆ. ಹಸ್ಮುಖಭಾಯಿ, ಇದರಲ್ಲಿ ಏಲಕ್ಕಿ ಇಲ್ಲ.

ಅವರು ಲೋಟವನ್ನು ನೋಡಿದರು. ಪೇಟವನ್ನು ಸರಿಮಾಡಿಕೊಂಡರು. ಸುಧಾಳ ಕಡೆ ತಿರುಗಲಿಲ್ಲ, ನನಗೇ ಹೇಳಿದರು. ಎರಡು ವರ್ಷವಾಯಿತು, ಒಂದೇ ದಿನಕ್ಕೆ ಹೋದದ್ದಲ್ಲ, ಸ್ವಲ್ಪ ಸ್ವಲ್ಪವೇ ಹೋಯಿತು. ಈ ಮದುವೆಯೊಂದು ಮುಗಿಯಲಿ ಎಂದಿದ್ದೆ. ಕಂಪನಿಗೆ ಮೋಸವಾಗಲು ಬಿಟ್ಟಿಲ್ಲ.

"ಸುಧಾಬೆನ್ ಮೂಗು ನನ್ನದಕ್ಕಿಂತ ಒಳ್ಳೆಯದು," ಎಂದರು. "ಅವಳು ಯಾವ ಕಪ್ಪಿನ ಹತ್ತಿರ ತಡೆದು ನಿಂತು ತಲೆ ಎತ್ತಿ ನನ್ನ ಕಡೆ ನೋಡುತ್ತಾಳೋ, ಅದು ಕೆಟ್ಟದ್ದೆಂದು ನಾನು ಚಮಚ ಒರೆಸುತ್ತಿದ್ದೆ."

ಸುಧಾಳ ಲೋಟದ ಕಾಫಿ ಸೀರೆಯ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲಿಲ್ಲ.

"ನಾನು ನಿಮ್ಮನ್ನ ನೋಡ್ತಿದ್ದೆ," ಎಂದಳು, ಕನ್ನಡದಲ್ಲಿ. ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದಳು.

ಯಾರೋ ಹಸ್ಮುಖಭಾಯಿಯನ್ನು ಮಂಟಪಕ್ಕೆ ಕರೆದರು. ಅವರು ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದರು. ಮಂಟಪದಲ್ಲಿ ಪುರೋಹಿತರು ಹೋಮಕ್ಕೆ ತುಪ್ಪ ಹಾಕುತ್ತಿದ್ದರು. ಹೊಗೆ ಸಭೆಯ ಮೇಲೆಲ್ಲ ಹರಡಿತು, ಜನ ಕಣ್ಣೊರೆಸಿಕೊಂಡರು. ಅವರೂ ಒರೆಸಿಕೊಂಡರು.

ನಾವು ಊಟಕ್ಕೆ ನಿಲ್ಲಲಿಲ್ಲ. ರೈಲಿಗೆ ಹೊತ್ತಿತ್ತು, ಸ್ಟೇಷನ್ನಿನ ಹತ್ತಿರ ಕೋಲ್ಡ್ ಕಾಫಿಯ ಅಂಗಡಿಯೊಂದರ ಮುಂದೆ ನೆರಳಿಗೆ ನಿಂತೆವು. ಕಾಲೇಜಿನ ಹುಡುಗಿಯರು ಗಾಜಿನ ಲೋಟಗಳಲ್ಲಿ ಐಸು ಹಾಕಿದ ಕಾಫಿ ಕುಡಿಯುತ್ತಿದ್ದರು. ಅಂಗಡಿಯವರ ಹಿಂದಿನ ಹಲಗೆಯ ಮೇಲೆ ಸುಧಾಳ ಕಂಪನಿಯ ಪೊಟ್ಟಣಗಳಿದ್ದವು. ಒಂದನ್ನು ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿದು ಅಂಚಿನ ಮೇಲಿನ ಬ್ಯಾಚಿನ ಸಂಖ್ಯೆ ಓದಿದಳು. ಎರಡು ಸಲ ಓದಿದಳು.

"ಇದು ನಮ್ಮ ಹನ್ನೊಂದರಲ್ಲಿ ಒಂದು," ಎಂದಳು.

ನಾನು ಪೊಟ್ಟಣವನ್ನು ಒಡೆದು ಮೂಸಿದೆ. ಕಾಫಿಯಂತೆ ಇತ್ತು. ನನ್ನ ಮೂಗನ್ನು ನಾನು ನಂಬಲಿಲ್ಲ. ಸುಧಾ ಅಲ್ಲೇ ನಿಂತು ಕೇತಕಿಬೆನ್‌ಗೆ ಫೋನು ಮಾಡಿದಳು. ಸೋಮವಾರದವರೆಗೆ ಕಾಯಲಿಲ್ಲ. ಹುಡುಗಿಯರು ಕುಡಿದು ಮುಗಿಸಿ ಇನ್ನೆರಡು ಲೋಟ ಹೇಳಿದರು.

ಮೈಸೂರು

ಪ್ರತಿ ಲಾಟಿನಿಂದ ಒಂದು ಹಿಡಿ ಬೀಜವನ್ನು ಮೊಹರು ಮಾಡಿ ಎತ್ತಿಡುವ ಪದ್ಧತಿ ಅಲ್ಲಿದೆ. ಕೇತಕಿಬೆನ್ ಅವುಗಳನ್ನೂ, ತಡೆಹಿಡಿದ ಲಾಟಿನ ಮಾದರಿಯನ್ನೂ ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದರು. ಅಂಗಡಿಗಳಲ್ಲಿ ಉಳಿದಿದ್ದ ಪೊಟ್ಟಣಗಳನ್ನು ಕಂಪನಿ ವಾಪಸು ತರಿಸಿಕೊಳ್ಳುತ್ತಿದೆ. ಹಸ್ಮುಖಭಾಯಿ ಸೋಮವಾರ ರಾಜೀನಾಮೆ ಬರೆದುಕೊಟ್ಟರು. ಸುಧಾಳನ್ನು ಗೋದಾಮಿನ ಕಾಗದಪತ್ರದ ವಿಭಾಗಕ್ಕೆ ಹಾಕಿದ್ದಾರೆ. ಇದನ್ನು ಬರೆಯಲು ಮೂವರೂ ಒಪ್ಪಿದ್ದಾರೆ, ಹೆಸರುಗಳನ್ನು ಬದಲಿಸಿದ್ದೇನೆ.

ಮಂಜಲ್‌ಪುರದ ಮನೆಯ ಅಡುಗೆಮನೆಗೆ, ಗ್ಯಾಸು ಸೋರಿದರೆ ಕೂಗುವ ಯಂತ್ರವನ್ನು ನಾನು ಹೊರಡುವ ಮೊದಲೇ ಹಾಕಿಸಿದೆ. ಅಲ್ಕಾಪುರಿಯ ಡಾಕ್ಟರರೊಬ್ಬರು ನಾಲ್ಕು ಸೀಸೆಗಳಲ್ಲಿ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಜಾಯಿಕಾಯಿ ಇಟ್ಟುಕೊಂಡು ದಿನಕ್ಕೆ ಎರಡು ಸಲ ಮೂಸಲು ಹೇಳಿದ್ದಾರೆ. ಬರಬಹುದು, ಬರದೆಯೂ ಇರಬಹುದು, ಕೆಲವರಿಗೆ ನಡುವೆ ಇಲ್ಲದ ವಾಸನೆಯೂ ಬರುತ್ತದೆ ಎಂದಿದ್ದಾರೆ.

ಇದನ್ನು ಅಚ್ಚಿಗೆ ಕಳುಹಿಸುವ ಹೊತ್ತಿಗೆ ಹನ್ನೊಂದು ಲಾಟ್‌ಗಳಲ್ಲಿ ಒಂಬತ್ತರ ವರದಿ ಬಂದಿದೆ, ಅವುಗಳಲ್ಲಿ ದೋಷವಿಲ್ಲ. ಎರಡರದು ಬಂದಿಲ್ಲ. ಲಾರಿಯ ಲಾಟಿನದೂ ಬಂದಿಲ್ಲ.

ನಿನ್ನೆ ಬೆಳಿಗ್ಗೆ ಆರೂವರೆಗೆ ಸುಧಾ ಫೋನು ಮಾಡಿದಳು. ಏನೋ ಸುಡುತ್ತಿರುವ ವಾಸನೆ ಬರುತ್ತಿದೆ ಎಂದಳು. ಒಲೆ ಹಚ್ಚಿರಲಿಲ್ಲ, ಯಂತ್ರ ಕೂಗಿರಲಿಲ್ಲ. ಮನೆಯ ಮೂರೂ ಕೋಣೆಗಳನ್ನು ನೋಡಿದ್ದಳು. ಎದುರು ಮನೆಯ ಹೆಂಗಸನ್ನು ಕರೆದು ಕೇಳಿದ್ದಳು. ಅವರು ಯಾವ ವಾಸನೆಯೂ ಇಲ್ಲ ಎಂದರು.